ವ್ಯಾಟ್ ಹೆಚ್ಚಿಸದೆ ದೂರ ಹೆಚ್ಚಿದ ಬಗೆ: ಕೊಡಗಿನ ಜೀಪೊಂದರ ಹ್ಯಾಮ್ ಆಂಟೆನಾ ಕುರಿತ ಪ್ರಕರಣ ಅಧ್ಯಯನ

ಹಿನ್ನೆಲೆ

2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆಯ ಗುಡ್ಡಗಳು ಜರಿದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕಡಿದು, ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಒಟ್ಟಿಗೇ ಕೈಕೊಟ್ಟ ದಿನಗಳನ್ನು ಕೊಡಗಿನವರು ಮರೆತಿಲ್ಲ. ಪಕ್ಕದ ಊರಿನ ಸುದ್ದಿ ತಿಳಿಯಲೂ ಆಗದ ಆ ಸ್ಥಿತಿಯನ್ನು ಕಂಡ ಕೆಲವರು ಹವ್ಯಾಸಿ ರೇಡಿಯೊದತ್ತ, ಅಂದರೆ ಹ್ಯಾಮ್ ರೇಡಿಯೊದತ್ತ ತಿರುಗಿದರು. ಪರೀಕ್ಷೆ ಬರೆದು ಪರವಾನಗಿ ಪಡೆದರು. ಈ ಪ್ರಕರಣ ಅಂಥ ಒಬ್ಬರದು. ಅವರು ನಾಪೋಕ್ಲು ಕಡೆಯ ಕಾಫಿ ಬೆಳೆಗಾರರು. ಅವರ ಗುರುತು ಗುಟ್ಟಾಗಿರಬೇಕಾದ್ದರಿಂದ ಹೆಸರು, ಕರೆಸಂಕೇತ, ತೋಟದ ನಿಖರ ಸ್ಥಳ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅವರನ್ನು ಬೆಳೆಗಾರರು ಎಂದೇ ಕರೆದಿದ್ದೇನೆ. ಮಡಿಕೇರಿಯ ಹೊರವಲಯದಲ್ಲಿ ಎತ್ತರದ ಜಾಗದಲ್ಲಿ ಮನೆ ಇರುವ, ದಶಕಗಳಿಂದ ಹ್ಯಾಮ್ ಆಗಿರುವ ನಿವೃತ್ತ ಶಿಕ್ಷಕರೊಬ್ಬರು ಈ ಪ್ರಕರಣದ ಇನ್ನೊಂದು ತುದಿ. ಅವರನ್ನು ಎಲ್ಲರೂ ಕರೆಯುವಂತೆ ಮೇಷ್ಟ್ರು ಎನ್ನೋಣ. ಅಳತೆಗಳ ಹೊತ್ತಿನಲ್ಲಿ ಜೀಪಿನಲ್ಲಿ ಕುಳಿತು ದಾಖಲೆ ಬರೆದುಕೊಂಡವನು ನಾನು.

ಬೆಳೆಗಾರರ ಗುರಿ ಸರಳವಾಗಿತ್ತು. ಮಳೆಗಾಲದಲ್ಲಿ ಮೊಬೈಲ್ ಟವರುಗಳು ನಿಂತುಹೋದರೂ ನಾಪೋಕ್ಲು, ಕಕ್ಕಬ್ಬೆ, ಮೂರ್ನಾಡು ಸುತ್ತಿನ ಯಾವ ಜಾಗದಿಂದಲಾದರೂ ಜೀಪಿನ ರೇಡಿಯೊ ಮೂಲಕ ಮಡಿಕೇರಿಗೆ ಸುದ್ದಿ ಮುಟ್ಟಿಸಲು ಸಾಧ್ಯವಾಗಬೇಕು. ಹ್ಯಾಮ್ ಪರವಾನಗಿಯಡಿ ತೋಟದ ವ್ಯವಹಾರದ ಮಾತು ಆಡುವಂತಿಲ್ಲ, ಅದು ಅವರಿಗೂ ಬೇಕಿರಲಿಲ್ಲ. ಆಪತ್ತಿನ ಹೊತ್ತಿಗೆ ಒದಗುವ, ಉಳಿದ ದಿನಗಳಲ್ಲಿ ಅಭ್ಯಾಸದಿಂದ ಹದವಾಗಿರುವ ಒಂದು ಕೊಂಡಿ ಅವರಿಗೆ ಬೇಕಿತ್ತು.

ಜೀಪು ಡೀಸೆಲ್ ಎಂಜಿನಿನದು, ಹಳೆಯದು. ಮೊದಲಿದ್ದ ಟಾರ್ಪಾಲಿನ ಹುಡ್ ತೆಗೆಸಿ ಫೈಬರ್ ಹುಡ್ ಹಾಕಿಸಿದ್ದರು. ರೇಡಿಯೊ ಎರಡು ಮೀಟರ್ ಬ್ಯಾಂಡಿನದು, ಅಂದರೆ ಸುಮಾರು ಎರಡು ಮೀಟರ್ ತರಂಗಾಂತರದ ಅಲೆಗಳದು. ಭಾರತದ ಹ್ಯಾಮ್‌ಗಳಿಗೆ ಇದರಲ್ಲಿ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಲಭ್ಯ. ಆಂಟೆನಾ ಎಂಟರಲ್ಲಿ ಐದು ತರಂಗಾಂತರದ್ದು, ಸುಮಾರು ಒಂದೂಕಾಲು ಮೀಟರ್ ಉದ್ದ. ಅದನ್ನು ಹಿಂದಿನ ಬಂಪರಿನ ಎಡ ಮೂಲೆಗೆ, ಸ್ಟೆಪ್ನಿ ಚಕ್ರದ ಪಕ್ಕಕ್ಕೆ ಬಿಗಿಯಲಾಗಿತ್ತು. ವಿದ್ಯುತ್ತು ಡ್ಯಾಶ್‌ಬೋರ್ಡಿನ ಲೈಟರ್ ಸಾಕೆಟ್ಟಿನಿಂದ ಬರುತ್ತಿತ್ತು.

ತೊಂದರೆ ಏನಿತ್ತು

ಮಡಿಕೇರಿಯಿಂದ ಮೂರ್ನಾಡಿನವರೆಗೆ ಮಾತು ಸಾಗುತ್ತಿತ್ತು. ಅಲ್ಲಿಂದ ನಾಪೋಕ್ಲು ರಸ್ತೆಗೆ ತಿರುಗಿ ಕೊಟ್ಟಮುಡಿಯ ಕಡೆ ಇಳಿದರೆ ದನಿ ಒಡೆಯಲು ಶುರುವಾಗುತ್ತಿತ್ತು. ನಾಪೋಕ್ಲು ತಲುಪುವಷ್ಟರಲ್ಲಿ ಮೇಷ್ಟ್ರಿಗೆ ಕರಕರ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮೂರ್ನಾಡಿನಿಂದ ವಿರಾಜಪೇಟೆ ಕಡೆಗೆ ಹೋದರೂ ಬೇತ್ರಿಯಲ್ಲಿ ಕಾವೇರಿ ಸೇತುವೆಗೆ ಇಳಿಯುವಾಗ ಅದೇ ಕಥೆ. ವಿಚಿತ್ರವೆಂದರೆ ನಾಪೋಕ್ಲಿನಿಂದ ಮಡಿಕೇರಿಗೆ ಬರುವಾಗ ಕೇಳಿಸುತ್ತಿದ್ದ ಜಾಗಗಳಲ್ಲೇ ಮಡಿಕೇರಿಯಿಂದ ನಾಪೋಕ್ಲಿಗೆ ಮರಳುವಾಗ ಕೇಳಿಸುತ್ತಿರಲಿಲ್ಲ. ಮರಳುವ ಹೊತ್ತು ಸಾಮಾನ್ಯವಾಗಿ ಸಂಜೆಯಾಗಿರುತ್ತಿದ್ದುದರಿಂದ, ಸಂಜೆಯ ಮಂಜಿನಿಂದ ಹೀಗಾಗುತ್ತಿರಬಹುದು ಎಂದು ಬೆಳೆಗಾರರು ಅಂದುಕೊಂಡಿದ್ದರು. ಈ ವಿವರವನ್ನು ಅವರು ಮಾತಿನ ನಡುವೆ ಹೇಳಿದ್ದಷ್ಟೇ; ಅದೇ ಆಮೇಲೆ ದೊಡ್ಡ ಸುಳಿವಾಯಿತು.

ಬೆಳೆಗಾರರ ಮೊದಲ ಯೋಚನೆ ಪವರ್ ಆಂಪ್ಲಿಫೈಯರ್ ಕೊಳ್ಳುವುದು. "ಮೇಷ್ಟ್ರೇ, ವ್ಯಾಟ್ ಸಾಲದು ಅಷ್ಟೇ. ಇನ್ನೊಂದಷ್ಟು ಹಾಕಿದರೆ ನಾಪೋಕ್ಲಿನಿಂದ ಖಂಡಿತ ಕೇಳುತ್ತೆ," ಎಂದರು. ಮೇಷ್ಟ್ರು ಅದಕ್ಕೆ ಎದುರು ವಾದಿಸಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ನಾಪೋಕ್ಲಿನಲ್ಲಿ ನಾನು ಮಾತಾಡಿದ್ದು ನಿಮಗೆ ಕೇಳುತ್ತದೆಯೇ?" ಇಲ್ಲ, ಅದೂ ಕೇಳುತ್ತಿರಲಿಲ್ಲ.

ಇಡೀ ಪ್ರಕರಣದ ಮೊದಲ ತಿರುವು ಈ ಪ್ರಶ್ನೆ. ಆಂಪ್ಲಿಫೈಯರ್ ಆಡುವ ಮಾತಿಗೆ ಬಲ ಕೊಡುತ್ತದೆ, ಕೇಳುವ ಕಿವಿಗೆ ಕೊಡುವುದಿಲ್ಲ. ಸಿಗ್ನಲ್ಲಿನ ಏರಿಳಿತವನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಪ್ರಸಾರದ ಶಕ್ತಿಯನ್ನು ಇಮ್ಮಡಿ ಮಾಡಿದರೆ ಸಿಗುವುದು ಮೂರು ಡೆಸಿಬೆಲ್ ಲಾಭ. ಅಂಚಿನಲ್ಲಿರುವ ಸಂಪರ್ಕಕ್ಕೆ ಅದು ಆಸರೆಯಾದೀತು, ಪೂರ್ತಿ ಸತ್ತ ಸಂಪರ್ಕವನ್ನು ಎಬ್ಬಿಸಲಾರದು. ಅದರ ಮೇಲೆ ಪರವಾನಗಿ ಅನುಮತಿಸುವ ಶಕ್ತಿಯ ಮಿತಿಯೂ ಇದೆ. ಆಂಟೆನಾವನ್ನು ಸುಧಾರಿಸಿದರೆ ಅದೇ ಲಾಭ ಹೋಗುವ ದಾರಿಗೂ ಬರುವ ದಾರಿಗೂ ಒಟ್ಟಿಗೆ ದಕ್ಕುತ್ತದೆ. ಹಾಗಾಗಿ ಆಂಪ್ಲಿಫೈಯರಿನ ದುಡ್ಡು ಜೇಬಿನಲ್ಲೇ ಉಳಿಯಿತು, ಕೆಲಸ ಆಂಟೆನಾದಿಂದ ಶುರುವಾಯಿತು.

ಅಳತೆಗೋಲು ಮೊದಲು

ಆಂಟೆನಾ ಬದಲಿಸಿ ಒಂದು ಸುತ್ತು ಹೋಗಿ ಬಂದು "ಈಗ ಸ್ವಲ್ಪ ಚೆನ್ನಾಗಿದೆ" ಎಂದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಬೆಟ್ಟದ ನಾಡಿನಲ್ಲಿ ಈ ರೀತಿ ನಂಬಲರ್ಹವಲ್ಲ. 145 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಎರಡು ಮೀಟರಿಗಿಂತ ತುಸು ಹೆಚ್ಚು. ನೇರ ಬಂದ ಅಲೆಯೂ ಗುಡ್ಡಕ್ಕೆ ಬಡಿದು ಬಂದ ಅಲೆಯೂ ಒಂದು ಜಾಗದಲ್ಲಿ ಕೂಡಿಕೊಂಡರೆ, ಅರ್ಧ ಮೀಟರ್ ಮುಂದಕ್ಕೆ ಹೋದಾಗ ಒಂದನ್ನೊಂದು ಕಡಿಯುತ್ತವೆ. ಚಲಿಸುವ ವಾಹನದಿಂದ ದನಿ ಫಟಫಟ ಒಡೆದು ಬರುವುದಕ್ಕೆ ಕಾರಣವೇ ಇದು. ನಿಂತ ಜಾಗ ಒಂದು ಗೇಣು ಆಚೀಚೆ ಆದರೂ ಫಲಿತಾಂಶ ಬದಲಾಗುವಾಗ, ಆಂಟೆನಾದ ಗುಣವನ್ನು ಅದರಿಂದ ಹೇಗೆ ತಿಳಿಯುವುದು?

ಆದ್ದರಿಂದ ಮೂರ್ನಾಡು, ಬೇತ್ರಿ ಸೇತುವೆಯ ಮೇಲಿನ ತಿರುವು, ಕೊಟ್ಟಮುಡಿ, ನಾಪೋಕ್ಲು ಮತ್ತು ಕಕ್ಕಬ್ಬೆ ಕಡೆಯ ಒಂದು ಇಳಿಜಾರು ಇಷ್ಟನ್ನು ಖಾಯಂ ತಾಣಗಳೆಂದು ಗೊತ್ತುಮಾಡಿಕೊಂಡೆವು. ಪ್ರತಿ ತಾಣದಲ್ಲೂ ರಸ್ತೆಯಿಂದ ಬದಿಗೆ ಸರಿದು ಜೀಪು ನಿಲ್ಲಿಸಿ, ಅರ್ಧರ್ಧ ಮೀಟರ್ ಮುಂದೆ ಸರಿಸುತ್ತ ಹಲವು ಓದುಗಳನ್ನು ತೆಗೆದು, ಅವುಗಳ ನಡುವಿನ ಬೆಲೆಯನ್ನು ಹಿಡಿಯುವುದು ನಿಯಮವಾಯಿತು. ಅದೇ ತಾಣದಲ್ಲಿ ಜೀಪಿನ ಮೂತಿಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಮತ್ತೆ ಅಳೆಯುವುದು ಎರಡನೆಯ ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಮೂರನೆಯದು. ಮೂರರಲ್ಲಿ ಪಾಲಿಸಲು ಅತಿ ಕಷ್ಟವಾದದ್ದು ಈ ಕೊನೆಯದೇ, ಏಕೆಂದರೆ ಸ್ಪ್ಯಾನರ್ ಕೈಯಲ್ಲಿದ್ದಾಗ ಕಂಡದ್ದನ್ನೆಲ್ಲ ಸರಿಮಾಡಿಬಿಡುವ ಆಸೆ ಯಾರಿಗೂ ಹುಟ್ಟುತ್ತದೆ.

ಬಂದ ಸಿಗ್ನಲ್ಲಿನ ಬಲ ತೋರಿಸಲು ಎಫ್‌ಎಂ ಸೆಟ್ಟುಗಳಲ್ಲಿರುವ ಎಸ್ ಮೀಟರನ್ನು ನೆಚ್ಚುವಂತಿಲ್ಲ. ಅದರ ಗೆರೆಗಳು ಕೆಲವೇ ಡೆಸಿಬೆಲ್‌ಗಳೊಳಗೆ ಕೆಳಗಿನಿಂದ ತುದಿಯವರೆಗೆ ಏರಿ ನಿಂತುಬಿಡುತ್ತವೆ. ಮೇಷ್ಟ್ರು ಇದಕ್ಕೆ ಒಂದು ಪರಿಹಾರವನ್ನು ಕೈಯಾರೆ ಮಾಡಿದರು. ತಾಮ್ರದ ಲೇಪವಿರುವ ಸರ್ಕ್ಯೂಟ್ ಬೋರ್ಡಿನ ತುಂಡುಗಳನ್ನು ಬೆಸೆದು ಉದ್ದನೆಯ ಪೆಟ್ಟಿಗೆ ಮಾಡಿ, ಒಳಗೆ ಅದೇ ಬೋರ್ಡಿನ ಅಡ್ಡಗೋಡೆಗಳಿಂದ ಕೋಣೆಗಳನ್ನು ಬೇರ್ಪಡಿಸಿ, ಕೋಣೆಗೊಂದು ಸ್ಲೈಡ್ ಸ್ವಿಚ್ಚು ಮತ್ತು ಮೂರು ರೆಸಿಸ್ಟರ್ ಕೂರಿಸಿ, 3, 6, 10 ಮತ್ತು 20 ಡೆಸಿಬೆಲ್ ಹಂತಗಳ ಅಟೆನ್ಯುಯೇಟರ್, ಅಂದರೆ ಸಿಗ್ನಲ್ಲನ್ನು ಗೊತ್ತಾದ ಅಳತೆಯಷ್ಟು ಕುಗ್ಗಿಸುವ ಸಾಧನ ಕಟ್ಟಿದರು. ಅಡ್ಡಗೋಡೆ ಇಲ್ಲದಿದ್ದರೆ ಸಿಗ್ನಲ್ ಕೋಣೆಯಿಂದ ಕೋಣೆಗೆ ಗಾಳಿಯಲ್ಲೇ ದಾಟಿಕೊಂಡು ಹೋಗುತ್ತದೆ. ಸ್ವಿಚ್ಚಿನ ಮೇಲೆ ಬರೆದ ಅಂಕಿ ಆಗ ಸುಳ್ಳಾಗುತ್ತದೆ. ಜೀಪಿನಿಂದ ಪ್ರಸಾರವಾಗುವಾಗ ಮೇಷ್ಟ್ರು ಒಂದೊಂದೇ ಸ್ವಿಚ್ಚು ಒತ್ತುತ್ತ ಹೋಗಿ, ದನಿ ಗದ್ದಲದಲ್ಲಿ ಮುಳುಗಿದಾಗ ಅಂಕಿ ಬರೆದುಕೊಳ್ಳುವರು. ಹೆಚ್ಚು ಡೆಸಿಬೆಲ್ ತಡೆದುಕೊಂಡ ಸಿಗ್ನಲ್ಲು ಹೆಚ್ಚು ಬಲವಾದದ್ದು. ಈ ಪೆಟ್ಟಿಗೆಯ ಮೂಲಕ ಅಪ್ಪಿತಪ್ಪಿ ಪ್ರಸಾರ ಮಾಡಿದರೆ ರೆಸಿಸ್ಟರುಗಳು ಸುಟ್ಟುಹೋಗುವುದರಿಂದ ಅವರು ಕೇಳಲು ಬೇರೆಯೇ ಸೆಟ್ಟು, ಬೇರೆಯೇ ಆಂಟೆನಾ ಇಟ್ಟುಕೊಂಡಿದ್ದರು.

ಮಂಜಿನ ಮೇಲೆ ಹೊರಿಸಿದ್ದ ಆರೋಪ

ಮೊದಲ ಸುತ್ತಿನ ಅಳತೆಗಳಲ್ಲೇ ಮರುಪ್ರಯಾಣದ ಒಗಟು ಬಿಡಿಸಿಕೊಂಡಿತು. ಕೊಟ್ಟಮುಡಿಯಲ್ಲಿ ಜೀಪಿನ ಮೂತಿ ಮಡಿಕೇರಿಯತ್ತ ಇದ್ದಾಗ ಬಂದ ಸಿಗ್ನಲ್ಲಿಗೂ, ಅದೇ ಜಾಗದಲ್ಲಿ ಬೆನ್ನು ಮಡಿಕೇರಿಯತ್ತ ಇದ್ದಾಗ ಬಂದದ್ದಕ್ಕೂ ಆರು ಡೆಸಿಬೆಲ್‌ಗಿಂತ ಹೆಚ್ಚು ಅಂತರವಿತ್ತು. ಆರು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. ಬೆಳಿಗ್ಗೆ ಅಳೆದರೂ ಅದೇ, ಸಂಜೆ ಅಳೆದರೂ ಅದೇ. ಮಂಜಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಕಾರಣ ಆಂಟೆನಾ ಕೂತ ಜಾಗ. ವಾಹನದ ಮೇಲಿನ ಲಂಬ ಆಂಟೆನಾಕ್ಕೆ ಕೆಳಗಿರುವ ಲೋಹದ ಮೈಯೇ ಇನ್ನರ್ಧ ಅಂಗ. ಆಂಟೆನಾ ಮೂಲೆಯಲ್ಲಿದ್ದರೆ ಆ ಲೋಹ ಒಂದೇ ಕಡೆಗೆ ಚಾಚಿಕೊಂಡಿರುತ್ತದೆ, ಪ್ರಸಾರವೂ ಮೈ ಚಾಚಿದ ಕಡೆಗೇ ಒಲಿಯುತ್ತದೆ. ಹಿಂದಿನ ಎಡ ಮೂಲೆಯ ಆಂಟೆನಾ ಮುಂದಿನ ಬಲ ಮೂಲೆಯ ಕಡೆಗೆ ಹೆಚ್ಚು ಕಳಿಸುತ್ತಿತ್ತು. ಅದರ ಜೊತೆಗೆ ಆಂಟೆನಾದ ಕೆಳಗಿನ ಅರ್ಧ, ಅಂದರೆ ವಿದ್ಯುತ್ ಪ್ರವಾಹ ಗಣನೀಯವಾಗಿರುವ ಭಾಗ, ಸ್ಟೆಪ್ನಿ ಚಕ್ರಕ್ಕೂ ಬಾಡಿಯ ತಗಡಿಗೂ ಒತ್ತಿಕೊಂಡಂತೆ ನಿಂತಿತ್ತು. ಉದ್ದದ ಆಂಟೆನಾ ಕೊಂಡದ್ದರ ಲಾಭ ಅಲ್ಲೇ ಸೋರಿಹೋಗುತ್ತಿತ್ತು.

ಜೀಪಿನ ಕಿವಿ ಮಂದವಾಗಿದ್ದುದಕ್ಕೆ ಮತ್ತೊಂದು ಕಾರಣವೂ ಸಿಕ್ಕಿತು. ಎಂಜಿನ್ ನಿಲ್ಲಿಸಿ, ಸಿಗ್ನಲ್ ಇಲ್ಲದಾಗ ಗದ್ದಲವನ್ನು ಅಡಗಿಸುವ ಸ್ಕ್ವೆಲ್ಚ್ ಪೂರ್ತಿ ತೆರೆದು, ದುರ್ಬಲವಾದ ಒಂದು ಸಿಗ್ನಲ್ಲನ್ನು ಕೇಳುತ್ತ, ಜೀಪಿನ ಒಂದೊಂದೇ ವಿದ್ಯುತ್ ಉಪಕರಣವನ್ನು ಚಾಲೂ ಮಾಡಿ ನೋಡಿದೆವು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದ್ದರಿಂದ ಆ ಗದ್ದಲ ಇರಲಿಲ್ಲ. ಆದರೆ ಮೊಬೈಲ್ ಚಾರ್ಜರನ್ನು ಸಿಕ್ಕಿಸಿದೊಡನೆ ಸಿಗ್ನಲ್ಲು ಮುಚ್ಚಿಹೋಯಿತು. ಮಂಜಿಗೆಂದು ಹಾಕಿಸಿದ್ದ ಎಲ್‌ಇಡಿ ದೀಪದ ಪಟ್ಟಿ ಹೊತ್ತಿಸಿದಾಗಲೂ ಹಾಗೇ ಆಯಿತು. ಎರಡರೊಳಗೂ ವೇಗವಾಗಿ ಸ್ವಿಚ್ ಆಗುವ ಸರ್ಕ್ಯೂಟುಗಳಿದ್ದು, ಅವುಗಳ ಗದ್ದಲ ಎರಡು ಮೀಟರ್ ಬ್ಯಾಂಡಿನವರೆಗೂ ಹರಡುತ್ತದೆ. ಸಂಜೆ ಮರಳುವಾಗ ಈ ದೀಪ ಹೊತ್ತಿರುತ್ತಿತ್ತು. ಮಂಜಿನ ಮೇಲೆ ಬೆಳೆಗಾರರಿಗೆ ಬಂದ ಅನುಮಾನಕ್ಕೆ ಇದೂ ಇಂಬು ಕೊಟ್ಟಿರಬೇಕು. ಚಾರ್ಜರನ್ನು ಬದಲಿಸಿ, ದೀಪದ ತಂತಿಗೆ ಗದ್ದಲವನ್ನು ತಡೆಯುವ ಫೆರೈಟ್ ಉಂಗುರ ಹಾಕಿ, ಆಪತ್ತಿನ ಸಂಪರ್ಕದ ಹೊತ್ತಿನಲ್ಲಿ ದೀಪವನ್ನು ಆರಿಸುವ ರೂಢಿ ಮಾಡಿಕೊಳ್ಳಲಾಯಿತು.

ಲೈಟರ್ ಸಾಕೆಟ್ಟಿನ ವಿಷಯ ಬೇಗ ಮುಗಿಯಿತು. ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡುವಾಗ ಇಂಥ ಸೆಟ್ಟು ಸುಮಾರು ಹತ್ತು ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ತೆಳು ತಂತಿಯಲ್ಲಿ ವೋಲ್ಟೇಜು ಕುಸಿಯುತ್ತಿತ್ತು. ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಹಾಕಲಾಯಿತು.

ನೆತ್ತಿಯ ಮೇಲೆ ನೆಲ ಹಾಸಿದ್ದು

ಆಂಟೆನಾ ನೆತ್ತಿಯ ನಡುವಿಗೆ ಹೋಗಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ತೊಡಕೆಂದರೆ ನೆತ್ತಿ ಫೈಬರಿನದು. ಅಯಸ್ಕಾಂತದ ಬುಡ ಅಲ್ಲಿ ಕಚ್ಚಿಕೊಳ್ಳದು. ಕಚ್ಚಿಸಿದರೂ ಕೆಳಗೆ ಲೋಹವಿಲ್ಲದೆ ಆಂಟೆನಾ ಅರ್ಧ ದೇಹದಿಂದಲೇ ದುಡಿಯಬೇಕಾಗುತ್ತದೆ. ಆಗ ಕೇಬಲ್ಲಿನ ಹೊರಮೈಯೇ ಆಂಟೆನಾದ ಭಾಗವಾಗಿ, ಪ್ರಸಾರದ ಒಂದು ಪಾಲು ಜೀಪಿನೊಳಕ್ಕೇ ಹರಿದುಬರುತ್ತದೆ.

ಮೂರು ದಾರಿಗಳಿದ್ದವು. ಗ್ರೌಂಡ್ ಪ್ಲೇನಿನ, ಅಂದರೆ ಕೆಳಗಿನ ಲೋಹದ ನೆಲದ ಹಂಗು ಅಷ್ಟಾಗಿ ಇಲ್ಲದ ಅರ್ಧ ತರಂಗಾಂತರದ ಆಂಟೆನಾ ಹಾಕುವುದು; ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿ ಅದಕ್ಕೆ ಬಿಗಿಯುವುದು; ಇಲ್ಲವೇ ಹುಡ್ಡಿನ ಒಳಮೈಗೆ ಲೋಹದ ಹಾಳೆ ಹಾಸಿ, ನಡುವೆ ತೂತು ಕೊರೆದು, ಕಾಲು ತರಂಗಾಂತರದ ಆಂಟೆನಾ ನಿಲ್ಲಿಸುವುದು. ವಿದ್ಯುತ್ತಿನ ದೃಷ್ಟಿಯಿಂದ ಮೊದಲನೆಯದು ಅಚ್ಚುಕಟ್ಟಾದದ್ದು. ಆದರೆ ಅದು ಸುಮಾರು ಒಂದು ಮೀಟರ್ ಉದ್ದ; ಜೀಪಿನ ನೆತ್ತಿ ನೆಲದಿಂದ ಎರಡು ಮೀಟರಿನ ಆಸುಪಾಸು. ಕಾಫಿ ತೋಟದ ದಾರಿಯಲ್ಲಿ ಓಡಾಡಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ: ನೆರಳಿಗೆ ಬಿಟ್ಟ ಮರಗಳ ಕೆಳಗೊಂಬೆಗಳು, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಮಳೆಗೆ ಬಾಗಿದ ಬಿದಿರು. ಮೂರು ಮೀಟರ್ ಎತ್ತರದ ಗಟ್ಟಿ ಕಡ್ಡಿ ಅಲ್ಲಿ ಒಂದು ಮಳೆಗಾಲವನ್ನೂ ಬಾಳದು. ಆಂಟೆನಾ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರಷ್ಟೇ, ಬೇಕಾದ ದಿನ ಅದು ಮುರಿಯದೆ ನಿಂತಿರುತ್ತದೆಯೇ ಎಂಬುದೂ ಮುಖ್ಯವೆಂಬ ಬೆಳೆಗಾರರ ಮಾತನ್ನು ಎಲ್ಲರೂ ಒಪ್ಪಿದರು.

ಎಂಟರಲ್ಲಿ ಐದು ತರಂಗಾಂತರದ ಹಳೆಯ ಆಂಟೆನಾವನ್ನೇ ನೆತ್ತಿಗೆ ಏರಿಸಬಾರದೇಕೆ ಎಂಬ ಪ್ರಶ್ನೆಯೂ ಬಂತು. ವಿಶಾಲವಾದ ಲೋಹದ ನೆಲದ ಮೇಲೆ ಅದು ಕಾಲು ತರಂಗಾಂತರದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತದೆ ನಿಜ, ದಿಗಂತದ ಕಡೆಗೆ ಅಲೆಯನ್ನು ಚಪ್ಪಟೆಯಾಗಿ ಒತ್ತುತ್ತದೆ. ಜೀಪಿನ ನೆತ್ತಿಯಷ್ಟು ಸಣ್ಣ ನೆಲದ ಮೇಲೆ ಆ ಲಾಭದ ಬಹುಪಾಲು ಕಾಗದದಲ್ಲೇ ಉಳಿಯುತ್ತದೆ. ಆಳದ ಕಣಿವೆಯಲ್ಲಿ ನಿಂತಾಗ ಅಲೆ ಮೊದಲು ಹತ್ತಿರದ ಗುಡ್ಡದ ನೆತ್ತಿಯನ್ನು ಮುಟ್ಟಬೇಕು, ಅದು ಹತ್ತು ಹದಿನೈದು ಡಿಗ್ರಿ ಮೇಲಿರುತ್ತದೆ. ಅಲ್ಲಿ ಚಪ್ಪಟೆ ಅಲೆಗೆ ಯಾವ ಮೇಲುಗೈಯೂ ಇಲ್ಲ. ಗಿಡ್ಡ ಆಂಟೆನಾವನ್ನೇ ಆರಿಸಿದೆವು.

ಒಂದು ಮೀಟರ್ ಚದರದ ಅಲ್ಯೂಮಿನಿಯಂ ಹಾಳೆಯನ್ನು ಹುಡ್ಡಿಗೂ ಒಳಹಾಸಿಗೂ ನಡುವೆ ಹಾಸಲಾಯಿತು. ಕಾಲು ತರಂಗಾಂತರ 145 ಮೆಗಾಹರ್ಟ್ಸ್‌ಗೆ ಸುಮಾರು 49 ಸೆಂಟಿಮೀಟರ್. ನಡುವಿನಿಂದ ನಾಲ್ಕೂ ಕಡೆಗೆ ಅಷ್ಟು ಲೋಹ ಸಿಕ್ಕರೆ ಸಾಕು. ಹಾಳೆಯ ಮೂಲೆಗಳಿಂದ ಅಗಲವಾದ ಹೆಣೆದ ತಂತಿಗಳನ್ನು ಬಾಡಿಯ ಚೌಕಟ್ಟಿಗೆ ಬಿಗಿಯಲಾಯಿತು. ಅಲ್ಯೂಮಿನಿಯಮ್ಮಿಗೆ ಬರಿಯ ತಾಮ್ರ ತಾಗಿ ತೇವವೂ ಸೇರಿದರೆ ಕೀಲು ಬೇಗ ತುಕ್ಕು ತಿನ್ನುತ್ತದೆ. ಅದಕ್ಕಾಗಿ ತವರ ಲೇಪಿಸಿದ ಲಗ್ಗುಗಳನ್ನು ಬಳಸಿ, ಬಣ್ಣ ಕೆರೆದು, ಗ್ರೀಸ್ ಸವರಿ ಬಿಗಿದೆವು. ಆಂಟೆನಾ ಬಾಗಿ ಮತ್ತೆ ನೆಟ್ಟಗಾಗುವ ತೆಳು ಉಕ್ಕಿನ ತಂತಿಯದು. ಮೊದಲು ತುಸು ಉದ್ದ ಬಿಟ್ಟು, ಮೀಟರ್ ನೋಡುತ್ತ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹದಕ್ಕೆ ತಂದೆವು. ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂತಿರುಗುತ್ತಿದೆ ಎಂಬುದನ್ನು ಸೂಚಿಸುವ ಅಂಕಿಯಾದ ಎಸ್‌ಡಬ್ಲ್ಯುಆರ್ (1 ಎಂದರೆ ಏನೂ ಹಿಂತಿರುಗುತ್ತಿಲ್ಲ) 1.4ಕ್ಕೆ ಬಂದು ನಿಂತಿತು. ಕಾಲು ತರಂಗಾಂತರದ ಆಂಟೆನಾದ ಸಹಜ ರೋಧ ಐವತ್ತು ಓಮಿಗಿಂತ ಕಡಿಮೆ, ಮೂವತ್ತಾರರ ಹತ್ತಿರ, ಆದ್ದರಿಂದ 1.4 ಎಂಬುದು ಇಂಥ ಆಂಟೆನಾಕ್ಕೆ ತಕ್ಕ ಅಂಕಿಯೇ. ಅದಕ್ಕಿಂತ ಇಳಿಸಲು ನಾವು ಹೆಣಗಲಿಲ್ಲ.

ಮತ್ತೆ ತಾಣದಿಂದ ತಾಣಕ್ಕೆ ಹೋದೆವು. ದಿಕ್ಕು ಬದಲಿಸಿದಾಗ ಆಗುತ್ತಿದ್ದ ಅಂತರ ಬಹುತೇಕ ಅಳಿಸಿಹೋಗಿತ್ತು. ಕೊಟ್ಟಮುಡಿಯಲ್ಲಿ ಜೀಪು ಯಾವ ಕಡೆ ತಿರುಗಿದ್ದರೂ ಮಾತು ಸ್ಪಷ್ಟ. ನಾಪೋಕ್ಲಿನಲ್ಲಿ ಗದ್ದಲ ಬೆರೆತಿದ್ದರೂ ಅರ್ಥವಾಗುವ ದನಿ ಎರಡೂ ಕಡೆಗೆ ಹೋಗಿ ಬಂತು. ಮೊದಲಿಗಿಂತ ಅರ್ಧಕ್ಕಿಂತ ಕಡಿಮೆ ಉದ್ದದ ಆಂಟೆನಾ ಇದನ್ನು ಮಾಡಿ ತೋರಿಸಿದ್ದು ಬೆಳೆಗಾರರಿಗೆ ತುಂಬ ಖುಷಿ ಕೊಟ್ಟಿತು. ಅಂದು ಅವರು ರೇಡಿಯೊದಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಾತಾಡಿದರು, ಮೇಷ್ಟ್ರೂ ತಡೆಯಲಿಲ್ಲ.

ಮಳೆಯಲ್ಲಿ ಮೀಟರ್ ಹೇಳಿದ ಸುಳ್ಳು

ಮುಂಗಾರು ಹಿಡಿದ ಮೇಲೆ ಎರಡನೆಯ ತಿರುವು ಬಂತು. ಈ ಪ್ರಕರಣದಲ್ಲಿ ಇತರರಿಗೆ ಅತ್ಯಂತ ಉಪಯೋಗಕ್ಕೆ ಬರುವ ಭಾಗ ಇದೇ ಎಂದು ನಾನು ನಂಬಿದ್ದೇನೆ.

ನಾಪೋಕ್ಲಿನ ಸಂಪರ್ಕ ಮತ್ತೆ ಮಂಕಾಗತೊಡಗಿತು. ಮೊದಲು ಎಲೆಗಳ ಮೇಲಿನ ನೀರನ್ನು ಶಂಕಿಸಿದರು. ಒದ್ದೆ ಎಲೆ ಅಲೆಯನ್ನು ಹೀರುವುದು ನಿಜವಾದರೂ ಎರಡು ಮೀಟರ್ ಬ್ಯಾಂಡಿನಲ್ಲಿ ಆ ನಷ್ಟ ಇಷ್ಟೊಂದು ಇರಲಾರದು. ಅದರ ಕಾಟ 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಹೆಚ್ಚು. ಬೆಳೆಗಾರರು ಎಸ್‌ಡಬ್ಲ್ಯುಆರ್ ನೋಡಿದರು: 1.1. ಹಿಂದೆ 1.4 ಇದ್ದದ್ದು ಈಗ ಇನ್ನೂ ಚೆನ್ನಾಗಿದೆ! ಆಂಟೆನಾ ಸರಿಯಿದೆ ಎಂದು ಅವರು ಸಹಜವಾಗಿಯೇ ತೀರ್ಮಾನಿಸಿ ಸೆಟ್ಟಿನ ಮೇಲೆ ಅನುಮಾನಪಟ್ಟರು, ಸೆಟ್ಟನ್ನು ರಿಪೇರಿಗೆ ಕಳಿಸಲು ಹೊರಟರು.

ಮೇಷ್ಟ್ರು ತಡೆದದ್ದು ಇಲ್ಲಿ. ಏನನ್ನೂ ಮುಟ್ಟದೆ ತಾನಾಗಿ ಉತ್ತಮವಾದ ಎಸ್‌ಡಬ್ಲ್ಯುಆರ್ ಶುಭಸೂಚನೆಯಲ್ಲ. ಮೀಟರ್ ಇರುವುದು ಸೆಟ್ಟಿನ ಬಳಿ. ಆಂಟೆನಾದಿಂದ ಹಿಂತಿರುಗಿದ ಶಕ್ತಿ ಕೇಬಲ್ಲಿನ ಉದ್ದಕ್ಕೂ ಹಾದು ಅಲ್ಲಿಗೆ ಬರಬೇಕು. ಕೇಬಲ್ಲೇ ಶಕ್ತಿಯನ್ನು ನುಂಗುತ್ತಿದ್ದರೆ ಹೋಗುವಾಗಲೂ ನುಂಗುತ್ತದೆ, ಬರುವಾಗಲೂ ನುಂಗುತ್ತದೆ. ಹಿಂತಿರುಗಿ ಬಂದದ್ದು ಕಡಿಮೆಯಾದ್ದರಿಂದ ಮೀಟರಿನ ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ.

ಪರೀಕ್ಷೆ ಸುಲಭವಿತ್ತು. ಆಂಟೆನಾವನ್ನು ಬುಡದಿಂದ ಕಳಚಿ, ಕೇಬಲ್ಲಿನ ಆ ತುದಿಯನ್ನು ತೆರೆದೇ ಬಿಟ್ಟು, ಈ ತುದಿಯಲ್ಲಿ ಸೆಟ್ಟಿನ ಬದಲು ನ್ಯಾನೊ ವಿಎನ್‌ಎ ಎಂಬ, ಆಂಟೆನಾ ಮತ್ತು ಕೇಬಲ್ ಅಳೆಯುವ ಸಣ್ಣ ಉಪಕರಣ ಜೋಡಿಸಿದೆವು. ತೆರೆದ ತುದಿಗೆ ಸೆಟ್ಟಿನಿಂದ ಪ್ರಸಾರ ಮಾಡಿದರೆ ಸೆಟ್ಟಿಗೆ ಅಪಾಯ. ವಿಎನ್‌ಎ ಕಳಿಸುವ ಶಕ್ತಿ ಅತ್ಯಲ್ಪವಾದ್ದರಿಂದ ಆ ಭಯವಿಲ್ಲ. ತೆರೆದ ತುದಿಯಿಂದ ಶಕ್ತಿಯೆಲ್ಲ ಹಿಂತಿರುಗಬೇಕು. ಐದು ಮೀಟರ್ ಆರ್‌ಜಿ-58 ಕೇಬಲ್ಲು ಆರೋಗ್ಯವಾಗಿದ್ದರೆ ಈ ಆವರ್ತನದಲ್ಲಿ ಅದರ ನಷ್ಟ ಒಂದು ದಿಕ್ಕಿಗೆ ಸುಮಾರು ಒಂದು ಡೆಸಿಬೆಲ್. ಹೋಗಿ ಬರುವುದಕ್ಕೆ ಎರಡು. ಹಾಗಿದ್ದಲ್ಲಿ ತೆರೆದ ತುದಿಯ ಎಸ್‌ಡಬ್ಲ್ಯುಆರ್ ಎಂಟಕ್ಕಿಂತ ಮೇಲೆ ಕಾಣಬೇಕು. ನಮಗೆ ಕಂಡದ್ದು ಎರಡು. ಲೆಕ್ಕ ಹಾಕಿದರೆ ಒಂದು ದಿಕ್ಕಿನ ನಷ್ಟ ಐದು ಡೆಸಿಬೆಲ್‌ಗೆ ಹತ್ತಿರ, ಅಂದರೆ ಸೆಟ್ಟು ಕೊಟ್ಟ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಆಂಟೆನಾ ಮುಟ್ಟುತ್ತಿತ್ತು. ಕೇಳುವ ದಾರಿಯಲ್ಲೂ ಅಷ್ಟೇ ನಷ್ಟ.

ಬುಡದ ಕನೆಕ್ಟರ್ ಬಿಚ್ಚಿದಾಗ ಒಂದು ಹನಿ ನೀರು ಬೆರಳಿಗೆ ಇಳಿಯಿತು. ಬ್ಲೇಡಿನಿಂದ ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಉದ್ದಕ್ಕೆ ಸೀಳಿದೆವು. ಹೊಳೆಯಬೇಕಿದ್ದ ತಾಮ್ರದ ಹೆಣಿಗೆ ಕಪ್ಪಿಟ್ಟು, ಅಲ್ಲಲ್ಲಿ ಹಸಿರು ಪುಡಿ ಕಟ್ಟಿತ್ತು. ಬುಡದಿಂದ ಒಂದು ಮೊಳಕ್ಕೂ ಹೆಚ್ಚು ದೂರ ಹಾಗೇ ಇತ್ತು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಂಡಂತೆ ಹೆಣಿಗೆ ನೀರನ್ನು ಒಳಗೊಳಗೇ ಎಳೆದುಕೊಂಡಿತ್ತು. ನೆತ್ತಿಯ ತೂತಿಗೆ ಹಾಕಿದ್ದ ರಬ್ಬರ್ ವಾಷರ್ ಬಿಸಿಲಿಗೆ ಸೆಟೆದುಕೊಂಡದ್ದೇ ಇದಕ್ಕೆ ಮೂಲ.

ಒದ್ದೆಯಾದ ಕೇಬಲ್ಲನ್ನು ಒಣಗಿಸಿ ಬಳಸುವ ಯೋಚನೆಯನ್ನು ಕೈಬಿಡಬೇಕು. ಕಪ್ಪಾದ ಹೆಣಿಗೆ ಮತ್ತೆ ಮೊದಲಿನಂತಾಗುವುದಿಲ್ಲ. ಹೊಸ ಕೇಬಲ್ ಹಾಕುವಾಗ ಬೇರೆ ಕೆಲವು ತಿದ್ದುಪಡಿಗಳನ್ನೂ ಮಾಡಿಕೊಂಡೆವು. ಸೆಟ್ಟಿನ ಮುಖಫಲಕವನ್ನು ಬೇರ್ಪಡಿಸಿ ಡ್ಯಾಶ್‌ಬೋರ್ಡಿನಲ್ಲಿ ಉಳಿಸಿ, ಮುಖ್ಯ ಪೆಟ್ಟಿಗೆಯನ್ನು ಸೀಟಿನ ಹಿಂದಕ್ಕೆ ಸಾಗಿಸಿದ್ದರಿಂದ ಕೇಬಲ್ಲಿನ ಉದ್ದ ಅರ್ಧಕ್ಕೆ ಇಳಿಯಿತು. ಕನೆಕ್ಟರನ್ನು ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪಿನಿಂದ ಸುತ್ತಿ, ಅದರ ಮೇಲೆ ಮಾಮೂಲಿ ಇನ್ಸುಲೇಶನ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆವು; ಹೀಗೆ ಸುತ್ತಿದರೆ ಪದರಗಳು ಹೆಂಚಿನ ಸಾಲಿನ ಹಾಗೆ ಒಂದರ ಮೇಲೊಂದು ಕೂತು ನೀರು ಹೊರಕ್ಕೇ ಜಾರುತ್ತದೆ. ಕೇಬಲ್ಲು ಸೆಟ್ಟಿಗೆ ಸೇರುವ ಮುನ್ನ ಒಂದು ಇಳಿಬಾಗು ಬಿಟ್ಟೆವು, ಅಪ್ಪಿತಪ್ಪಿ ನೀರು ಕೇಬಲ್ಲಿನ ಮೇಲೆ ಹರಿದು ಬಂದರೂ ಅಲ್ಲಿ ತೊಟ್ಟಿಕ್ಕಿ ಹೋಗಲಿ ಎಂದು. ತೆರೆದ ತುದಿಯ ಅಂಕಿಯನ್ನು ಹೊಸ ಕೇಬಲ್ಲಿಗೂ ಅಳೆದು, ದಿನಾಂಕದೊಡನೆ ಸೆಟ್ಟಿನ ಪಕ್ಕದಲ್ಲಿ ಅಂಟಿಸಲಾಯಿತು. ಮುಂದೆ ಯಾವಾಗ ಅನುಮಾನ ಬಂದರೂ ಹೋಲಿಸಿ ನೋಡಲು ಒಂದು ಆಧಾರ ಸಿಕ್ಕಿತು. ಮಳೆಯ ನಾಡಿನ ಪ್ರತಿ ವಾಹನದ ಹ್ಯಾಮ್ ಕೇಂದ್ರದಲ್ಲೂ ಈ ಒಂದು ಅಂಕಿ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎಸ್‌ಡಬ್ಲ್ಯುಆರ್ ಒಂದನ್ನೇ ನೋಡುತ್ತ ಕೂತವರು ತಿಂಗಳುಗಟ್ಟಲೆ ಮೋಸ ಹೋಗಬಲ್ಲರು.

ಬೆಟ್ಟಕ್ಕೆ ತಲೆಬಾಗಿದ ನಿರ್ಧಾರ

ಹೊಸ ಕೇಬಲ್ಲಿನ ಮೇಲೆ ಮೂರ್ನಾಡು, ಕೊಟ್ಟಮುಡಿ, ನಾಪೋಕ್ಲು ಮೂರೂ ಗಟ್ಟಿಯಾದವು. ಬೇತ್ರಿಯಲ್ಲಿ ಸೇತುವೆಯ ಮೇಲೆ ಈಗಲೂ ಅಷ್ಟಕ್ಕಷ್ಟೇ, ಮೇಲಿನ ತಿರುವಿನಲ್ಲಿ ಸ್ಪಷ್ಟ. ಕಕ್ಕಬ್ಬೆ ಕಡೆಯ ಇಳಿಜಾರು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಅಷ್ಟೆಲ್ಲ ಸುಧಾರಣೆಯ ನಂತರವೂ ಅಲ್ಲಿ ಮೇಷ್ಟ್ರ ಕಡೆಯಿಂದ ಬರೀ ಮೌನ.

ಆಂಪ್ಲಿಫೈಯರಿನ ಮಾತು ಮತ್ತೆ ಎದ್ದದ್ದು ಆಗ. ಈ ಸಲ ಅದನ್ನು ಅಂಕಿಗಳ ಮೂಲಕವೇ ಇತ್ಯರ್ಥ ಮಾಡಲಾಯಿತು. ಎರಡು ಜಾಗಗಳ ನಡುವಿನ ನೆಲದ ಏರಿಳಿತವನ್ನು ಕಂಪ್ಯೂಟರಿನಲ್ಲಿ ಅಡ್ಡಕೊಯ್ತದ ಚಿತ್ರವಾಗಿ ತೆಗೆದು ನೋಡಿದಾಗ, ನೇರ ಗೆರೆಗೆ ಒಂದರ ಹಿಂದೊಂದು ಗುಡ್ಡದ ಸಾಲುಗಳು ಅಡ್ಡ ನಿಂತಿದ್ದವು. ತಡಿಯಂಡಮೋಳ್ 1748 ಮೀಟರ್ ಎತ್ತರಕ್ಕೆ ಏರುವ ಆ ಸೀಮೆಯಲ್ಲಿ ಕಣಿವೆಗಳೂ ಅಷ್ಟೇ ಆಳ. ಒಂದು ಗುಡ್ಡದ ಅಂಚಿನ ಮೇಲೆ ಅಲೆ ಸ್ವಲ್ಪ ಬಾಗಿ ಆಚೆ ಇಳಿಯುತ್ತದೆ. ನಾಪೋಕ್ಲಿಗೆ ನಮ್ಮ ದನಿ ಮುಟ್ಟುತ್ತಿದ್ದುದೂ ಹಾಗೆಯೇ ಇರಬೇಕು. ಎರಡು ಮೂರು ಸಾಲುಗಳಿಗೆ ಹಾಗೆ ಬಾಗಬೇಕಾದಾಗ ಆಗುವ ನಷ್ಟದ ಮುಂದೆ ಆಂಪ್ಲಿಫೈಯರ್ ಕೊಡುವ ಮೂರು, ಆರು ಡೆಸಿಬೆಲ್‌ಗಳಿಗೆ ಲೆಕ್ಕವೇ ಇಲ್ಲ.

ಅಲ್ಲಿಂದ ಯೋಚನೆ ಎರಡು ಕಡೆಗೆ ಹರಿಯಿತು. ಮೊದಲನೆಯದು ನಿಲ್ಲುವ ಜಾಗಗಳ ನಕ್ಷೆ. ಕಣಿವೆಯ ರಸ್ತೆಯಲ್ಲೂ ಗುಡ್ಡದ ಸಂದಿಯಿಂದ ಮಡಿಕೇರಿಯ ಕಡೆ ತೆರೆದುಕೊಳ್ಳುವ ತಿರುವುಗಳಿವೆ. ಅವನ್ನು ಒಂದೊಂದಾಗಿ ಪರೀಕ್ಷಿಸಿ, ವಾಹನ ಸುರಕ್ಷಿತವಾಗಿ ಬದಿಗೆ ನಿಲ್ಲಬಲ್ಲ, ಮೇಲಿನ ದರೆ ಕುಸಿಯುವ ಭಯವಿಲ್ಲದ ಜಾಗಗಳನ್ನಷ್ಟೇ ಉಳಿಸಿಕೊಂಡು ಪಟ್ಟಿ ಮಾಡಲಾಯಿತು. 2018ರ ನಂತರ 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜರಿದದ್ದನ್ನು ಕಂಡವರು ಸಿಗ್ನಲ್ ಚೆನ್ನಾಗಿದೆಯೆಂದು ದರೆಯ ಬುಡದಲ್ಲಿ ಜೀಪು ನಿಲ್ಲಿಸಲಾರರು. ಕೆಲವು ಒಳ್ಳೆಯ ತಾಣಗಳನ್ನು ಈ ಕಾರಣಕ್ಕೇ ಬಿಟ್ಟುಕೊಟ್ಟೆವು.

ಎರಡನೆಯದು ಅಲೆಯನ್ನು ಗುಡ್ಡದ ಮೂಲಕ ತೂರಿಸುವ ಹಟ ಬಿಟ್ಟು ಮೇಲಿನಿಂದ ಇಳಿಸುವುದು. 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್‌ನಲ್ಲಿ, ಅಲೆಯನ್ನು ನೆಟ್ಟಗೆ ಆಕಾಶಕ್ಕೆ ಕಳಿಸಿದರೆ ಹಗಲಿನಲ್ಲಿ ಅಯಾನುಗೋಳ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರ, ಅದನ್ನು ಸುತ್ತಲಿನ ನೂರಾರು ಕಿಲೋಮೀಟರಿನ ಮೇಲೆ ಮಳೆಯಂತೆ ಸುರಿಸುತ್ತದೆ. ನಡುವೆ ಎಷ್ಟು ಗುಡ್ಡವಿದ್ದರೂ ಚಿಂತೆಯಿಲ್ಲ. ಬೆಳೆಗಾರರಿಗೂ ಮೇಷ್ಟ್ರಿಗೂ ಆ ಬ್ಯಾಂಡಿನ ಪರವಾನಗಿ ಇತ್ತು. ವಾಹನದ ಮೇಲೆ ನಿಲ್ಲಿಸುವ ಗಿಡ್ಡ ಕಡ್ಡಿ ಈ ಕೆಲಸಕ್ಕೆ ಒಗ್ಗುವುದಿಲ್ಲ: ಅದರ ದಕ್ಷತೆ ಕಡಿಮೆ, ಮೇಲೆ ನೆತ್ತಿಯ ದಿಕ್ಕಿಗೆ ಅದು ಕಳಿಸುವುದೂ ಕಡಿಮೆ. ಅದರ ಬದಲು ಸುಮಾರು 20 ಮೀಟರಿನ ತಂತಿಯ ಡೈಪೋಲನ್ನು, ಅಂದರೆ ನಡುವಿನಿಂದ ಎರಡು ತೋಳು ಚಾಚುವ ಆಂಟೆನಾವನ್ನು, ಸುರುಳಿ ಸುತ್ತಿ ಸೀಟಿನಡಿ ಇಟ್ಟುಕೊಂಡರು. ನಿಂತಾಗ ಜೀಪಿಗೆ ಒಂದು ಗಳ ಕಟ್ಟಿ ನಡುವನ್ನು ಎತ್ತಿ, ಎರಡೂ ತೋಳುಗಳನ್ನು ಮರಗಳಿಗೆ ಎಳೆದು ಕಟ್ಟುವುದು. ಈ ಬಗೆಯ ಸಂಪರ್ಕಕ್ಕೆ ಆಂಟೆನಾ ಎತ್ತರವಾಗಿರಬೇಕಿಲ್ಲ, ನಾಲ್ಕೈದು ಮೀಟರ್ ಸಾಕು. ತುದಿಗಳಲ್ಲಿ ಪ್ರಸಾರದ ಹೊತ್ತಿಗೆ ಹೆಚ್ಚಿನ ವೋಲ್ಟೇಜ್ ಇರುವುದರಿಂದ ಅವು ಕೈಗೆ ಸಿಗದಷ್ಟು ಮೇಲಿರಬೇಕು; ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಹತ್ತಿರ ಎಂದಿಗೂ ಕಟ್ಟಬಾರದು. ಕಕ್ಕಬ್ಬೆಯ ಅದೇ ಇಳಿಜಾರಿನಿಂದ, ಎರಡು ಮೀಟರ್ ಬ್ಯಾಂಡಿಗೆ ಒಮ್ಮೆಯೂ ಒಲಿಯದ ಜಾಗದಿಂದ, ಒಂದು ಮಧ್ಯಾಹ್ನ ಮೇಷ್ಟ್ರ ದನಿ ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳವಾಗಿ ಕೇಳಿಸಿತು.

ಈಗಿನ ಸ್ಥಿತಿ

ಚಲಿಸುವಾಗಲೂ ಪಟ್ಟಿಯಲ್ಲಿರುವ ತಾಣಗಳಲ್ಲಿ ನಿಂತಾಗಲೂ ಎರಡು ಮೀಟರ್ ಬ್ಯಾಂಡು, ಕಣಿವೆಯ ತಳದಲ್ಲಿ ನಿಲ್ಲಬೇಕಾದಾಗ 40 ಮೀಟರ್ ಬ್ಯಾಂಡಿನ ತಂತಿ ಎಂಬ ಒಪ್ಪಂದ ಜಾರಿಯಲ್ಲಿದೆ. ಓಡಿಸುವವರು ಮೈಕ್ ಹಿಡಿಯುವಂತಿಲ್ಲ. ಪಕ್ಕದಲ್ಲಿ ಪರವಾನಗಿ ಇರುವ ಇನ್ನೊಬ್ಬರಿಲ್ಲದಿದ್ದರೆ ನಿಲ್ಲಿಸಿಯೇ ಮಾತಾಡಬೇಕು. ಮುಂಗಾರಿಗೆ ಮೊದಲು ನೆತ್ತಿಯ ವಾಷರ್ ಬದಲಿಸಿ, ಹಾಳೆಯ ಕೀಲುಗಳನ್ನು ಕೆರೆದು ಬಿಗಿದು, ತೆರೆದ ತುದಿಯ ಅಂಕಿಯನ್ನು ಅಂಟಿಸಿದ ಚೀಟಿಯೊಡನೆ ತಾಳೆ ನೋಡುವುದು ವರ್ಷದ ಕೆಲಸವಾಗಿದೆ. ತೋಟದ ದಾರಿಯಲ್ಲಿ ಆಂಟೆನಾ ಕೊಂಬೆಗಳಿಗೆ ಬಡಿಯುತ್ತಲೇ ಇರುತ್ತದೆ, ಈವರೆಗೆ ಮುರಿದಿಲ್ಲ.

ಉಳಿದಿರುವುದು ರಾತ್ರಿಯ ಪ್ರಶ್ನೆ. ಕತ್ತಲಾದ ಮೇಲೆ ಅಯಾನುಗೋಳ ತೆಳುವಾದಂತೆ 40 ಮೀಟರಿನ ಅಲೆ ಮೇಲಿನಿಂದ ನೇರ ಹಿಂತಿರುಗದೆ ದೂರಕ್ಕೆ ಹಾರಿಹೋಗುತ್ತದೆ. ಕಕ್ಕಬ್ಬೆಯ ಮಾತು ದೆಹಲಿಯಲ್ಲಿ ಕೇಳಿಸಬಹುದು, ಮಡಿಕೇರಿಯಲ್ಲಿ ಕೇಳಿಸುವುದಿಲ್ಲ. ಆಗ ಇಳಿಯಬೇಕಾದದ್ದು 80 ಮೀಟರ್ ಬ್ಯಾಂಡಿಗೆ. ಅದರ ಡೈಪೋಲು ಇಮ್ಮಡಿ ಉದ್ದ, ಸುಮಾರು 40 ಮೀಟರ್. ಒತ್ತಾಗಿ ನೆಟ್ಟ ಕಾಫಿ ಗಿಡ, ನೆರಳುಮರಗಳ ನಡುವೆ ಕತ್ತಲಲ್ಲಿ, ಮಳೆಯಲ್ಲಿ, ಇಬ್ಬರೇ ಸೇರಿ ಅಷ್ಟು ತಂತಿಯನ್ನು ಎಳೆದು ಕಟ್ಟುವುದು ಕಷ್ಟ. 40 ಮೀಟರ್ ಬ್ಯಾಂಡಿನ ತಂತಿಯ ಎರಡೂ ತುದಿಗಳಿಗೆ ಸುರುಳಿ ಮತ್ತು ಬಾಲ ಸೇರಿಸಿ ಅದನ್ನೇ ಎರಡೂ ಬ್ಯಾಂಡಿಗೆ ಒಗ್ಗಿಸಬಹುದೇ ಎಂದು ಮೇಷ್ಟ್ರು ಸುರುಳಿಗಳನ್ನು ಸುತ್ತಿ ನೋಡುತ್ತಿದ್ದಾರೆ. ಅದನ್ನು ಹಗಲಿನಲ್ಲಿ ಹದ ಮಾಡಿ, ಮುಂದಿನ ಮಳೆ ಹಿಡಿಯುವ ಮೊದಲೇ ಅದೇ ಇಳಿಜಾರಿನಲ್ಲಿ ರಾತ್ರಿ ನಿಂತು ಪರೀಕ್ಷಿಸುವುದೆಂದು ತೀರ್ಮಾನವಾಗಿದೆ.